ಅತ್ತೆಯ ರೂಮಿಗೆ ಬಿಟ್ಟ ಕಂಬಿಗಳು

ಒಣ ಸಿಮೆಂಟಿನ ಮೇಲೆ ನೀರು ಬಿದ್ದ ಕೂಡಲೇ ಏಳುವ ವಾಸನೆಯೊಂದಿದೆ. ಮೊದಲ ಮಳೆಯ ಮಣ್ಣಿನ ವಾಸನೆಯನ್ನು ಹೊಗಳುವ ಹಾಗೆ ಅದನ್ನು ಯಾರೂ ಹೊಗಳುವುದಿಲ್ಲ. ಒಂದಿಷ್ಟು ಸುಣ್ಣ, ಒಂದಿಷ್ಟು ಬೂದಿ, ಮೂಗಿನೊಳಗೆ ಸಣ್ಣಗೆ ಉರಿ. ಹೋದ ತಿಂಗಳು ಅನ್ನಪೂರ್ಣೇಶ್ವರಿ ನಗರದ ನಮ್ಮ ಹಳೆಯ ಮನೆಯ ರಿಪೇರಿ ಕೆಲಸ ನೋಡಲು ಹೋಗಿದ್ದೆ. ಮೆಟ್ಟಿಲು ಹತ್ತುವಾಗಲೇ ಆ ವಾಸನೆ ಬಂತು. ಮೇಲೆ ಹೊಸದಾಗಿ ಕಟ್ಟಿದ ರೂಮಿನ ನೆತ್ತಿಯಲ್ಲಿ ಕೆಲಸದವನೊಬ್ಬ ಹಳೆಯ ಪೇಂಟ್ ಡಬ್ಬದಲ್ಲಿ ಸಿಮೆಂಟು ಕದಡಿಕೊಂಡು, ಮೂಲೆಮೂಲೆಯಲ್ಲಿ ಆಕಾಶಕ್ಕೆ ಚಾಚಿಕೊಂಡಿದ್ದ ಕಂಬಿಗಳಿಗೆ ಬ್ರಷ್ಷಿನಿಂದ ಬಳಿಯುತ್ತಿದ್ದ. ಮುಂದೆ ಇನ್ನೊಂದು ಮಹಡಿ ಎಬ್ಬಿಸುವುದಾದರೆ ಬೇಕಾಗುತ್ತದೆಂದು ಪಿಲ್ಲರಿನ ಕಂಬಿಗಳನ್ನು ಹಾಗೆ ಮೇಲಕ್ಕೆ ಬಿಡುತ್ತಾರೆ, ತುಕ್ಕು ಹಿಡಿಯದಿರಲೆಂದು ಸಿಮೆಂಟು ಬಳಿಯುತ್ತಾರೆ. ತೆಳ್ಳಗೆ ಕಲಸಿದ ಆ ಸಿಮೆಂಟಿಗೆ ನಮ್ಮ ಮನೆಯಲ್ಲಿ ಸಿಮೆಂಟು ಹಾಲು ಎನ್ನುತ್ತಿದ್ದೆವು. ನಾನು ಮೆಟ್ಟಿಲ ಮೇಲೆಯೇ ಕುಳಿತುಬಿಟ್ಟೆ. ಕಾಂಟ್ರಾಕ್ಟರ್ ಗಾಬರಿಯಾಗಿ, "ಯಾಕ್ ಮೇಡಂ, ತಲೆ ಸುತ್ತು ಬಂತಾ? ನೀರ್ ತರಿಸ್ಲಾ?" ಎಂದ. ತಲೆ ಸುತ್ತಿರಲಿಲ್ಲ. ಗಿರಿಜತ್ತೆ ನೆನಪಾಗಿದ್ದಳು, ಅಷ್ಟೇ.

ಗಿರಿಜತ್ತೆ ಅಪ್ಪನ ತಂಗಿ. ಕೆಂಗೇರಿಯ ಆಚೆಗಿನ ಒಂದು ಹಳ್ಳಿಗೆ ಮದುವೆಯಾಗಿ ಹೋದವಳು, ಗಂಡ ಸತ್ತ ಮೇಲೆ ಒಂದು ಟ್ರಂಕು, ಒಂದು ಹೊಲಿಗೆ ಮೆಷಿನ್ನಿನ ಜೊತೆ ಅಣ್ಣನ ಮನೆಗೆ ಬಂದಿದ್ದಳು. ಅಪ್ಪ ಕಾರ್ಖಾನೆಯಲ್ಲಿ ಫಿಟ್ಟರ್. ನಾವಾಗ ರಾಜಾಜಿನಗರದ ಒಂದು ವಠಾರದಲ್ಲಿ ಬಾಡಿಗೆಗಿದ್ದೆವು. ಅಪ್ಪ, ಅಮ್ಮ, ನಾನು, ನನ್ನ ತಮ್ಮ ಮಲಗಿದರೆ ಹಾಲಿನಲ್ಲಿ ಕಾಲಿಡಲು ಜಾಗವಿರುತ್ತಿರಲಿಲ್ಲ. ಅತ್ತೆ ಅಡುಗೆಮನೆಯಲ್ಲಿ ಗ್ಯಾಸ್ ಸಿಲಿಂಡರಿನ ಪಕ್ಕ ಮಲಗುತ್ತಿದ್ದಳು. ಹಗಲು ಅವಳ ಹಾಸಿಗೆ ಸುರುಳಿ ಸುತ್ತಿಕೊಂಡು ಬಾಗಿಲ ಹಿಂದೆ ನಿಂತಿರುತ್ತಿತ್ತು. ಅಂಥ ದಿನಗಳಲ್ಲಿ ಅಪ್ಪ ಅನ್ನಪೂರ್ಣೇಶ್ವರಿ ನಗರದಲ್ಲೊಂದು ಸೈಟು ಮಾಡಿದ. ಆಗ ಅದು ಹೆಸರಿಗಷ್ಟೇ ನಗರ. ರಾಗಿ ಹೊಲದಲ್ಲಿ ಕಲ್ಲು ನೆಟ್ಟು ರಸ್ತೆ ಎಳೆದಿದ್ದರು, ಸಂಜೆಯಾದರೆ ನೀಲಗಿರಿ ತೋಪಿನ ಹಿಂದೆ ನವಿಲು ಕೂಗುತ್ತಿತ್ತು. ಮನೆ ಕಟ್ಟಲು ಶುರುಮಾಡಿದರೆ ಸಿಮೆಂಟು, ಕಬ್ಬಿಣ ಕಾಯಲು ಯಾರಾದರೂ ಬೇಕಲ್ಲ? ಗೋಡೆಗೆ ಹೊತ್ತುಹೊತ್ತಿಗೆ ನೀರು ಹಾಕಲು? ಯಾರು ಎಂಬ ಮಾತು ಬರುವ ಮೊದಲೇ ಅತ್ತೆ ತನ್ನ ಟ್ರಂಕು ಎತ್ತಿಕೊಂಡಿದ್ದಳು.

ಸೈಟಿನ ಮೂಲೆಯಲ್ಲಿ ತಗಡಿನ ಶೆಡ್ಡು. ಅರ್ಧದಲ್ಲಿ ಸಿಮೆಂಟು ಮೂಟೆ, ಇನ್ನರ್ಧದಲ್ಲಿ ಅತ್ತೆ. ಪಕ್ಕದಲ್ಲೇ ಮೇಸ್ತ್ರಿಯ ಸಂಸಾರವೂ ಶೆಡ್ಡು ಹಾಕಿಕೊಂಡಿದ್ದರಿಂದ ಒಂಟಿತನದ ಭಯವಿರಲಿಲ್ಲ. ಬೇಸಿಗೆ ರಜೆಯಲ್ಲಿ ನಾನೂ ಅವಳ ಜೊತೆ ಹೋಗಿ ಉಳಿದೆ. ಮಧ್ಯಾಹ್ನ ತಗಡು ಕಾದು ಒಳಗೆ ಕೂರಲಾಗುತ್ತಿರಲಿಲ್ಲ. ಅತ್ತೆಯ ಕೂದಲು, ಸೀರೆ, ಅವಳು ಮೂರು ಇಟ್ಟಿಗೆಯ ಒಲೆಯಲ್ಲಿ ಬೇಯಿಸಿದ ಮುದ್ದೆ, ಎಲ್ಲಕ್ಕೂ ಸಿಮೆಂಟಿನದೇ ವಾಸನೆ. ಬೆಳಿಗ್ಗೆ ಸಂಜೆ ತೊಟ್ಟಿಯಿಂದ ಬಿಂದಿಗೆಯಲ್ಲಿ ನೀರು ಹೊತ್ತು ಹಸಿ ಗೋಡೆಗೆ ಎರಚುತ್ತಿದ್ದಳು. ಕಾದ ಗೋಡೆ ಸುಯ್ಯೆಂದು ನೀರು ಹೀರಿಕೊಳ್ಳುತ್ತಿತ್ತು. "ನೋಡು, ಎಷ್ಟ್ ಬಾಯಾರಿತ್ತು ಪಾಪ. ಈಗ ಚೆನ್ನಾಗ್ ಕುಡಿಸಿದ್ರೆ ನೂರ್ ವರ್ಷ ನಿಂತ್ಕೊಳುತ್ತೆ ಕಣೇ" ಎನ್ನುತ್ತಿದ್ದಳು, ಬಾಣಂತಿಯ ಆರೈಕೆ ಮಾಡುವವಳ ಗತ್ತಿನಲ್ಲಿ. ನಿಮ್ಮ ಮನೆಯ ಗೋಡೆಗಳಿಗೂ ಹೀಗೆ ಯಾರೋ ನೀರು ಕುಡಿಸಿರುತ್ತಾರೆ. ಗೃಹಪ್ರವೇಶದ ಕಾರ್ಡಿನಲ್ಲಿ ಅವರ ಹೆಸರು ಇರುವುದಿಲ್ಲ.

ತಾರಸಿ ಹಾಕಿದ ದಿನ ನನಗೆ ಚೆನ್ನಾಗಿ ನೆನಪಿದೆ. ಬೆಳಿಗ್ಗೆಯಿಂದ ಕಾಂಕ್ರೀಟ್ ಕಲಸುವ ಮೆಷಿನ್ನಿನ ಗಡಗಡ, ಸಾಲಾಗಿ ನಿಂತು ಬಾಂಡ್ಲಿ ದಾಟಿಸುವ ಹೆಂಗಸರು, ತೆಂಗಿನಕಾಯಿ, ಊದುಬತ್ತಿ, ಎಲ್ಲರಿಗೂ ಕೇಸರಿಬಾತು. ಅಪ್ಪನ ಮುಖ ಅಷ್ಟು ಅರಳಿದ್ದನ್ನು ನಾನು ಆಮೇಲೆ ನೋಡಲಿಲ್ಲ. ಕೆಲವು ದಿನ ಕಳೆದು, ಮಣ್ಣಿನ ಪಾತಿ ಕಟ್ಟಿ ನೀರು ನಿಲ್ಲಿಸಿದ ತಾರಸಿಯ ಮೇಲೆ ನಾವೆಲ್ಲ ನಿಂತಿದ್ದೆವು. ಹಿಂಭಾಗದಲ್ಲಿ ನಾಲ್ಕು ಮೂಲೆಗೆ ಕಂಬಿಗಳು ಎದ್ದು ನಿಂತಿದ್ದವು. ಅಪ್ಪ ಅವುಗಳ ನಡುವಿನ ಜಾಗ ತೋರಿಸಿ, "ಗಿರಿಜಾ, ಇದು ನಿನ್ ರೂಮು. ಮುಂದಿನ ವರ್ಷ ಎಬ್ಬಿಸ್ಬಿಡಣ" ಎಂದ. ಅತ್ತೆ ಸೀರೆಯನ್ನು ಸ್ವಲ್ಪ ಎತ್ತಿ ಹಿಡಿದು, ನೀರೊಳಗೆ ಕಾಲಿಟ್ಟು, ಕಂಬಿಗಳ ನಡುವೆ ನಿಧಾನವಾಗಿ ಒಂದು ಸುತ್ತು ಹಾಕಿದಳು. ಬಾಗಿಲು ಎಲ್ಲಿ ಬರಬೇಕೆಂದು ಅವಳು ಆಗಲೇ ನಿಶ್ಚಯಿಸಿರಬೇಕು. ಅಂದಿನಿಂದ ಅವಳು ಆ ಜಾಗಕ್ಕೆ ಮೆಟ್ಟಿಲ ಕಡೆಯಿಂದಲೇ ಹೋಗುತ್ತಿದ್ದಳು, ಅಲ್ಲಿಂದಲೇ ಬರುತ್ತಿದ್ದಳು. ಒಮ್ಮೆ ನಾನು ಇನ್ನೊಂದು ಬದಿಯಿಂದ ಓಡಿ ಬಂದಾಗ, "ಗೋಡೆ ತೂರ್ಕೊಂಡ್ ಬರ್ತೀಯಲ್ಲೇ, ದೆವ್ವದ ಹಂಗೆ!" ಎಂದು ಬೈದಳು. ಬೈದು ತಾನೇ ನಕ್ಕಳು.

ಮುಂದಿನ ವರ್ಷ ಬರಲಿಲ್ಲ. ಬಂತು, ಆದರೆ ಅಪ್ಪ ಹೇಳಿದ ಮುಂದಿನ ವರ್ಷ ಅದಾಗಿರಲಿಲ್ಲ. ಕಾಂಪೌಂಡು ಆಗಬೇಕಿತ್ತು, ಬೋರು ಕೊರೆಸಬೇಕಿತ್ತು, ಅಮ್ಮನ ಆಪರೇಷನ್, ತಮ್ಮನ ಕಾಲೇಜು, ನನ್ನ ಮದುವೆ. ಅಪ್ಪ ಕೆಟ್ಟವನಲ್ಲ. ಕೆಟ್ಟವನಾಗಿದ್ದರೆ ಬೈದು ಹಗುರಾಗಬಹುದಿತ್ತು. ಅವನು ಪ್ರತಿ ಯುಗಾದಿಗೂ ತಾರಸಿಗೆ ಹೋಗಿ ಕಂಬಿ ಅಲ್ಲಾಡಿಸಿ ನೋಡಿ, "ಈ ಸಲ ಆಗ್ಲೇಬೇಕು" ಎಂದು ಇಳಿದು ಬರುತ್ತಿದ್ದ. ಅತ್ತೆಯ ಹಾಸಿಗೆ ಹಾಲಿಗೂ ಬಚ್ಚಲಿಗೂ ನಡುವಿನ ಓಣಿಯಂಥ ಜಾಗದಲ್ಲಿತ್ತು. ಬೆಳಗಿನ ಜಾವ ಬಚ್ಚಲಿಗೆ ಹೋಗುವವರೆಲ್ಲ ಅವಳನ್ನು ದಾಟಿಕೊಂಡೇ ಹೋಗಬೇಕು. ಹಾಗಾಗಿ ಅವಳು ಎಲ್ಲರಿಗಿಂತ ಮೊದಲು ಎದ್ದುಬಿಡುತ್ತಿದ್ದಳು. ಹೊಲಿಗೆ ಮೆಷಿನ್ನು ಮೆಟ್ಟಿಲ ಕೆಳಗೆ. ಬೀದಿಯ ಹೆಂಗಸರು ರವಿಕೆ ಅಳತೆ ಕೊಡಲು ಬಂದರೆ, ನಿಲ್ಲಿಸಿ ಮಾತಾಡಿಸಲು ಅವಳಿಗೊಂದು ಬಾಗಿಲಿರಲಿಲ್ಲ.

ಪ್ರತಿ ವರ್ಷ ಮಳೆಗಾಲ ಮುಗಿದು ದೀಪಾವಳಿ ಹತ್ತಿರವಾದಾಗ ಅತ್ತೆ ಒಂದು ಡಬ್ಬದಲ್ಲಿ ಸಿಮೆಂಟು ಹಾಲು ಕಲಸಿಕೊಂಡು ತಾರಸಿ ಹತ್ತುತ್ತಿದ್ದಳು. ಹಳೆಯ ಸೀರೆಯ ತುಂಡನ್ನು ಕಡ್ಡಿಗೆ ಸುತ್ತಿ ಒಂದೊಂದು ಕಂಬಿಗೂ ಬುಡದಿಂದ ತುದಿಯವರೆಗೆ ಬಳಿಯುತ್ತಿದ್ದಳು. ತುದಿಗೆ ಕರಟ ಕವುಚುತ್ತಿದ್ದಳು, ಮಕ್ಕಳ ಕಣ್ಣಿಗೆ ಚುಚ್ಚದಿರಲಿ, ಮಳೆ ನೀರು ಇಳಿಯದಿರಲಿ ಎಂದು. ಕಾಯಿ ತುರಿದ ಮೇಲೆ ಒಳ್ಳೆಯ ಕರಟವನ್ನು ಎತ್ತಿಡುವುದು ನಮ್ಮ ಅಡುಗೆಮನೆಯ ನಿಯಮವೇ ಆಗಿತ್ತು. ಹಾಗೆಯೇ ಆ ರೂಮಿನ ಅಂಚಿನುದ್ದಕ್ಕೂ ಇಟ್ಟಿಗೆ ಜೋಡಿಸಿ, ಮಣ್ಣು ತುಂಬಿ ಪಾತಿ ಮಾಡಿದಳು. ಬಸಳೆ ಬಳ್ಳಿ ಒಂದು ಮೂಲೆಯ ಕಂಬಿಗೆ ಹಬ್ಬಿತು, ಚಪ್ಪರದವರೆ ಇನ್ನೊಂದಕ್ಕೆ. ಸಂಜೆ ಕೆಲಸ ಮುಗಿಸಿ ಅವಳು ಅಲ್ಲಿ ಚಾಪೆ ಹಾಕಿಕೊಂಡು ಕೂರುತ್ತಿದ್ದಳು. ಗೋಡೆಯಿಲ್ಲದ ಆ ರೂಮಿನಲ್ಲಿ ಅವಳ ಪಕ್ಕ ಕುಳಿತು ನಾನು ಪಾಠ ಓದಿದ್ದೇನೆ, ಅವರೆಕಾಯಿ ಸುಲಿದಿದ್ದೇನೆ. "ಇಲ್ಲೊಂದ್ ಕಿಟಕಿ ಇಡ್ಸಣ. ಮೆಷಿನ್ ಹತ್ರ ಬೆಳಕ್ ಬೇಕು" ಎಂದು ಅತ್ತೆ ಗಾಳಿಯಲ್ಲಿ ಕೈಯಾಡಿಸಿ ತೋರಿಸುತ್ತಿದ್ದಳು.

ಕೊನೆಗೂ ಆ ವರ್ಷ ಬಂತು. ನನ್ನ ಮದುವೆಯಾಗಿ, ಬಾಣಂತನಕ್ಕೆಂದು ತವರಿಗೆ ಬಂದಿದ್ದೆ. ಅಪ್ಪ ಒಬ್ಬ ಇಂಜಿನಿಯರನ್ನು ಕರೆತಂದ. ಅತ್ತೆ ದೇವಸ್ಥಾನಕ್ಕೆ ಹೋಗಿದ್ದಳು. ಅವಳು ಬರುವಷ್ಟರಲ್ಲಿ ಗಟ್ಟಿಯಾದ ಸುದ್ದಿ ಕೊಡಬೇಕೆಂದು ಅಪ್ಪನ ಆಸೆ. ನಾನು ಕಾಫಿ ಹಿಡಿದು ತಾರಸಿಗೆ ಹೋದೆ. ಇಂಜಿನಿಯರ್ ಬಸಳೆ ಬಳ್ಳಿ ಸರಿಸಿ, ಪಾತಿಯ ಮಣ್ಣು ಕೆದಕಿ, ಸುತ್ತಿಗೆಯಿಂದ ಕಂಬಿಯ ಬುಡಕ್ಕೆ ಮೆಲ್ಲಗೆ ತಟ್ಟಿದರು. ಕಂಬಿ ಕರಟದ ಸಮೇತ ಪಕ್ಕಕ್ಕೆ ಬಿತ್ತು. ಮೇಲೆ ಬೆಳ್ಳಗೆ ಗಟ್ಟಿಯಾಗಿ ಕಾಣುತ್ತಿದ್ದ ಕಂಬಿ ಬುಡದಲ್ಲಿ ಕೆಂಪು ಪುಡಿಯಾಗಿತ್ತು. "ಇಷ್ಟ್ ವರ್ಷ ಬುಡಕ್ಕೆ ಒದ್ದೆ ಮಣ್ಣು ಹಾಕಿ ನೀರ್ ಹಾಕಿದೀರಲ್ಲ ಸಾರ್. ಎಷ್ಟ್ ಸಿಮೆಂಟ್ ಬಳಿದ್ರೂ ಎಲ್ ತಡೀತದೆ? ಈ ಕಂಬಿ ನಂಬ್ಕೊಂಡು ಪಿಲ್ಲರ್ ಎಬ್ಬಿಸಕ್ಕಾಗಲ್ಲ" ಎಂದರು. ಬೇರೆ ದಾರಿ ಇದೆಯೇ ಎಂದು ಅಪ್ಪ ಕೇಳಲಿಲ್ಲ. ಅವನು ಬಿದ್ದ ಕಂಬಿಯನ್ನೇ ನೋಡುತ್ತ ನಿಂತಿದ್ದ. ಅವರು ಹೋದ ಮೇಲೆ ಅದನ್ನು ಎತ್ತಿ, ಇದ್ದ ಜಾಗದಲ್ಲೇ ಮಣ್ಣಿಗೆ ಊರಿ, ಬಳ್ಳಿಯನ್ನು ಮತ್ತೆ ಸುತ್ತಿದ. "ಅವಳಿಗ್ ಹೇಳ್ಬೇಡ. ಅವಳ್ ಹಾಕಿದ್ ನೀರಿಂದ್ಲೇ ಹಿಂಗಾಯ್ತು ಅಂತ ಗೊತ್ತಾದ್ರೆ ಊಟ ಬಿಡ್ತಾಳೆ" ಎಂದ.

ಅತ್ತೆ ಬಂದಳು, ಹಣೆಯಲ್ಲಿ ವಿಭೂತಿ, ಕೈಯಲ್ಲಿ ಪ್ರಸಾದ. ಅಪ್ಪ ಅವಳ ಮುಖ ನೋಡದೆ, "ಪಾಯ ತಡೆಯಲ್ವಂತೆ ಗಿರಿಜಾ. ಇಂಜಿನಿಯರ್ ಹಂಗಂದ್ರು" ಎಂದ. ಅತ್ತೆ, "ಹೋಗ್ಲಿ ಬಿಡು ಅಣ್ಣಯ್ಯ. ಇದ್ ಮನೆ ಭದ್ರವಾಗಿದ್ರೆ ಸಾಕು" ಎಂದು ಎಲ್ಲರಿಗೂ ಪ್ರಸಾದ ಕೊಟ್ಟಳು. ಅಮ್ಮ ಒಳಗಿನಿಂದ, "ಪಾಯ ತಡೀದಿದ್ರೆ ಮೇಲೊಂದು ಶೀಟಾದ್ರೂ ಹಾಕ್ಸಿ" ಎಂದಳು. ಅಪ್ಪ ಕೂಗಾಡಿಬಿಟ್ಟ. "ಈ ಮನೆ ಕಟ್ಟೋವಾಗ ಶೀಟಿನ್ ಕೆಳಗೇ ಬೆಂದಿದಾಳೆ ಅವಳು. ಮತ್ತೆ ಅದ್ರಲ್ಲೇ ಮಲಗಿಸ್ತೀನಾ ನಾನು?" ಅದು ಪ್ರೀತಿಯ ಮಾತೇ. ಆ ಪ್ರೀತಿಯಿಂದಾಗಿ ಅತ್ತೆ ಬಚ್ಚಲ ಮುಂದೆಯೇ ಉಳಿದಳು.

ವಾರ ಕಳೆದಿರಲಿಲ್ಲ, ಅತ್ತೆ ತಾರಸಿಯ ಪಾತಿ ಒಡೆದಳು. ಮಣ್ಣನ್ನು ಬಕೆಟ್ಟಿನಲ್ಲಿ ತುಂಬಿ ಇಳಿಸಿ ಕಾಂಪೌಂಡಿನ ಪಕ್ಕ ಸುರಿದಳು. ಉಳಿದ ಕಂಬಿಗಳ ಬುಡವನ್ನೆಲ್ಲ ಬಟ್ಟೆಯಲ್ಲಿ ಒರೆಸಿದಳು. ತಾರಸಿ ಸೋರುತ್ತದೆಂದು ಅಪ್ಪನಿಗೆ ನೆಪ ಹೇಳಿದಳು. ಅಪ್ಪ ಊರಿದ್ದ ಕಂಬಿಯನ್ನು ಅವಳು ಮುಟ್ಟಿ ನೋಡಿರಬೇಕು, ಅದು ಕೈಗೇ ಬಂದಿರಬೇಕು. ಅವಳು ಅದನ್ನು ಬಿಸಾಡಿರಲಿಲ್ಲ. ಬುಡಕ್ಕೆ ಸಿಮೆಂಟು ಮೆತ್ತಿ ಮತ್ತೆ ನಿಲ್ಲಿಸಿದ್ದಳು, ಮೇಲೆ ಹೊಸ ಕರಟ. ಆ ದೀಪಾವಳಿಗೂ ಅದರ ನಂತರದ ದೀಪಾವಳಿಗಳಿಗೂ ಅತ್ತೆ ಸಿಮೆಂಟು ಹಾಲು ಬಳಿದಳು. ಅಪ್ಪ ಕೆಳಗೆ ನಿಂತು ಡಬ್ಬ ಎತ್ತಿ ಕೊಡುತ್ತಿದ್ದ. ಅವಳಿಗೆ ಗೊತ್ತಿಲ್ಲವೆಂದು ಅಪ್ಪ ನಂಬಿದ್ದ, ಅಣ್ಣ ಹಾಗೆ ನಂಬಿಕೊಂಡಿರಲೆಂದು ಅತ್ತೆ ಬಳಿಯುತ್ತಿದ್ದಳು. ಒಂದೇ ಮನೆಯಲ್ಲಿ ಇಬ್ಬರು ಮುದುಕರು ವರ್ಷಾನುಗಟ್ಟಲೆ ಹೀಗೆ ಒಬ್ಬರನ್ನೊಬ್ಬರು ಕಾಪಾಡಿಕೊಂಡರು.

ಅತ್ತೆ ತೀರಿಕೊಂಡಿದ್ದು ಆ ಓಣಿಯಲ್ಲೇ, ಒಂದು ಬೆಳಿಗ್ಗೆ. ಅವಳು ಎಲ್ಲರಿಗಿಂತ ಮೊದಲು ಏಳದೆ ಇದ್ದುದರಿಂದಲೇ ನಮಗೆ ಗೊತ್ತಾಯಿತು. ಮರುವರ್ಷ ಅಪ್ಪ, ಆಮೇಲೆ ಅಮ್ಮ. ನನ್ನ ತಮ್ಮ ಮನೆಗೆ ಬೀಗ ಹಾಕಿ ಕೆಂಗೇರಿಯ ಫ್ಲ್ಯಾಟಿಗೆ ಹೋದ. ಗಂಡ ತೀರಿಹೋದ ಮೇಲೆ ನಾನು ವಿಜಯನಗರದಲ್ಲಿ ಒಂದು ಚಿಕ್ಕ ಬಾಡಿಗೆ ಮನೆಯಲ್ಲಿದ್ದೇನೆ. ಈಗ ತಮ್ಮನಿಗೆ ಹಳೆಯ ಮನೆಗೇ ವಾಪಸು ಬರಬೇಕೆನಿಸಿದೆ. ತನ್ನ ಮಗಳಿಗೆ ಓದಲು ಮೇಲೊಂದು ರೂಮು ಬೇಕೆಂದು ಆರ್ಕಿಟೆಕ್ಟ್ ಹುಡುಗಿಯೊಬ್ಬಳನ್ನು ಗೊತ್ತುಮಾಡಿದ. ಅವಳು ತಾರಸಿಗೆ ಬಂದ ದಿನ ನಾನೂ ಇದ್ದೆ. ತುಕ್ಕು ಹಿಡಿದ ಕಂಬಿ ತೋರಿಸಿ, ಇದರಿಂದ ತೊಂದರೆಯಾಗುವುದಿಲ್ಲವೇ ಎಂದು ಕೇಳಿದೆ. "ಅದ್ ಬೇಡ್ವೇ ಬೇಡ ಆಂಟಿ. ತೂತು ಕೊರೆದು ಹೊಸ ಕಂಬಿ ಕೂರಿಸ್ತೀವಿ" ಎಂದಳು. ಮೊದಲೇ ಕಟ್ಟಬಹುದಿತ್ತೇ, ಆಗಿನ ಕಾಲದಲ್ಲಿ ಎಂದೆ. ಅವಳು ಕೆಳಗಿನ ಗೋಡೆಗಳನ್ನು ಒಮ್ಮೆ ನೆನಪಿಸಿಕೊಂಡಳು. "ಒಂದ್ ರೂಮಿಗೇನು, ಪಿಲ್ಲರೇ ಬೇಕಿರ್ಲಿಲ್ಲ. ಕೆಳಗಿನ್ ಗೋಡೆ ಎಷ್ಟ್ ದಪ್ಪ ಇದೆ, ಎಷ್ಟ್ ಗಟ್ಟಿ ಇದೆ! ಅದ್ರ ಮೇಲೇ ಗೋಡೆ ಎಬ್ಬಿಸ್ಬೋದಿತ್ತು." ಆ ಗೋಡೆಗಳಿಗೆ ನೀರು ಕುಡಿಸಿದವಳು ಯಾರೆಂದು ನಾನು ಹೇಳಲಿಲ್ಲ. ಹೇಳಿದ್ದರೂ ಏನು ಮಾಡಿಯಾಳು ಪಾಪ ಆ ಹುಡುಗಿ.

ಹಳೆಯ ಕಂಬಿಗಳನ್ನು ತೆಗೆಯಲು ಕತ್ತರಿಸುವ ಮೆಷಿನ್ನೂ ಬೇಕಾಗಲಿಲ್ಲ. ಕೆಲಸದವನು ಕಾಲಲ್ಲಿ ಒದ್ದರೆ ಮುರಿದವು. ಒಂದನ್ನು ಎತ್ತಿ ನೋಡಿದೆ. ಬುಡದಲ್ಲಿ ಕಬ್ಬಿಣವೇ ಇರಲಿಲ್ಲ, ಬೆರಳು ತೂರುವಷ್ಟು ಪೊಳ್ಳು. ಇಷ್ಟು ಕಾಲ ಅಲ್ಲಿ ನಿಂತಿದ್ದದ್ದು ಪದರದ ಮೇಲೆ ಪದರವಾಗಿ ಅತ್ತೆ ಬಳಿದ ಸಿಮೆಂಟು ಮಾತ್ರ.

ಮೆಟ್ಟಿಲ ಮೇಲೆ ಕುಳಿತಿದ್ದೆನೆಂದು ಹೇಳಿದೆನಲ್ಲ, ಆ ದಿನ ನೀರು ಕುಡಿದು ಎದ್ದು, ಹೊಸ ರೂಮಿನ ಮೇಲೆ ಮತ್ತೆ ಕಂಬಿ ಯಾಕೆ ಬಿಟ್ಟಿರಿ ಎಂದು ಕಾಂಟ್ರಾಕ್ಟರನ್ನು ಕೇಳಿದೆ. "ಸಾರ್ ಹೇಳಿದ್ರು ಮೇಡಂ" ಎಂದ. ತಮ್ಮನಿಗೆ ಫೋನು ಮಾಡಿದೆ. ಅವನು ಖುಷಿಯಲ್ಲಿದ್ದ. "ಹೂಂ ಅಕ್ಕಾ, ನಾನೇ ಬಿಡಿಸ್ದೆ. ನೀನೂ ಎಷ್ಟ್ ದಿನ ಅಂತ ಬಾಡಿಗೆ ಮನೇಲಿರ್ತೀಯ? ಮುಂದಿನ್ ವರ್ಷ ಅಲ್ಲೇ ನಿಂಗೊಂದ್ ರೂಮ್ ಎಬ್ಬಿಸ್ಬಿಡಣ." ಧ್ವನಿ ಥೇಟ್ ಅಪ್ಪನದೇ. ಅವನ ಮಾತಿನಲ್ಲಿ ಕಪಟವಿರಲಿಲ್ಲ, ಅಪ್ಪನ ಮಾತಿನಲ್ಲೂ ಇರಲಿಲ್ಲ. ನನಗೆ ಅಳು ಬಂತು. "ಬೇಡ ಕಣೋ, ನಾನು ಇರೋ ಕಡೆ ಚೆನ್ನಾಗಿದೀನಿ. ಅದನ್ ತೆಗೆಸ್ಬಿಡ್ತೀನಿ" ಎಂದೆ. ಅವನಿಗೂ ಕರಟಗಳು ನೆನಪಾಗಿರಬೇಕು. "ಸರಿ ಅಕ್ಕಾ" ಎಂದ.

"ಎಲ್ರೂ ಬಿಡಿಸ್ಕೋತಾರೆ ಮೇಡಂ, ಮುಂದೆ ಆಸೆ ಆದ್ರೆ ಇರ್ಲಿ ಅಂತ" ಎಂದು ಕಾಂಟ್ರಾಕ್ಟರ್ ಗೊಣಗಿದ. ಒಂದೂ ಬಿಡದೆ ಕತ್ತರಿಸಿ ಎಂದೆ. ಮೆಷಿನ್ನು ಕಿರುಚಿತು, ಕಿಡಿ ಹಾರಿತು, ಸುಟ್ಟ ಕಬ್ಬಿಣದ ವಾಸನೆ ಸಿಮೆಂಟಿನ ವಾಸನೆಯನ್ನು ಮುಚ್ಚಿತು. ಎಲ್ಲ ಮುಗಿದ ಮೇಲೆ ನಾನು ಹೊಸ ರೂಮಿಗೆ ಹೋದೆ, ಮೆಟ್ಟಿಲ ಕಡೆಯ ಬಾಗಿಲಿನಿಂದಲೇ. ಗೋಡೆಗಳಿನ್ನೂ ಹಸಿ. ಅತ್ತೆ ಕೈಯಾಡಿಸಿ ತೋರಿಸಿದ್ದ ಜಾಗದಲ್ಲಿ ಕಿಟಕಿ ಇರಲಿಲ್ಲ. ಮೂಲೆಯಲ್ಲಿ ಒಂದು ಬಕೆಟ್ಟು ನೀರಿತ್ತು. ಕೈಯಲ್ಲಿ ಮೊಗೆದು ಆ ಗೋಡೆಗೆ ಎರಚಿದೆ. ಅದು ಸುಯ್ಯೆಂದು ಕುಡಿಯಿತು.