ಅಂಜೂರದ ಗಿಡಕ್ಕೆ ಒಂದು ವರ್ಷ

ಆಗೆಲ್ಲ ರವಿವಾರ ಅಂದರೆ ರವಿವಾರವೇ. ಅಥಣಿ ಕಡೆಯ ನಮ್ಮೂರಲ್ಲಿ ದ್ರಾಕ್ಷಿ ತೋಟಗಳ ಕೂಲಿಗೆ ಹೋಗುತ್ತಿದ್ದ ಕೆಲವೇ ಕ್ರೈಸ್ತ ಮನೆಗಳು ನಮ್ಮವು. ಆ ದಿನ ನಮ್ಮವರು ಯಾರೂ ಕತ್ತರಿ ಮುಟ್ಟುತ್ತಿರಲಿಲ್ಲ. ಕೂಲಿಯವರ ಟೋಳಿ ಕಟ್ಟಿ ತೋಟಕ್ಕೆ ಕರೆದೊಯ್ಯುತ್ತಿದ್ದ ಮುಕಾದಮನಿಗೂ ಇದು ಗೊತ್ತಿತ್ತು. ಶನಿವಾರ ಸಂಜೆ ಅವನೇ ಬಾಗಿಲಲ್ಲಿ ನಿಂತು, "ನಾಳಿಗೆ ನಿಮ್ಮ ಮಂದಿ ಬರಂಗಿಲ್ಲ, ಗೊತ್ತೈತಿ" ಎಂದು ಹೇಳಿ ಹೋಗುತ್ತಿದ್ದ. ವಾರವಿಡೀ ಚಪ್ಪರದಡಿ ಕೈ ಮೇಲೆತ್ತಿ ದುಡಿದವರಿಗೆ ಕೈ ಇಳಿಸಿ ಕೂಡುವ ದಿನ ಅದೊಂದೇ. ಇದನ್ನು ಬರೆಯುವಾಗಲೂ ನನಗೆ ಸ್ವಲ್ಪ ಹೊತ್ತು ಸುಮ್ಮನೆ ಕೂಡಬೇಕು ಅನಿಸುತ್ತದೆ.

ಅವ್ವನಿಗೆ ಆ ದಿನವೆಂದರೆ ಜೀವ. ಸೀಗೆಕಾಯಿ ಹಚ್ಚಿ ತಲೆ ತೊಳೆದು, ಇದ್ದೊಂದು ಇಳಕಲ್ಲ ಸೀರೆ ಉಟ್ಟು, ಚರ್ಚಿನಲ್ಲಿ ಕಿಟಕಿಯ ಪಕ್ಕ ಕೂತರೆ ಪಾದ್ರಿಗಳು ಮುಗಿಸುವವರೆಗೂ ಅಲುಗಾಡುತ್ತಿರಲಿಲ್ಲ. ಪ್ರಾರ್ಥನೆ ಮುಗಿದ ಮೇಲೆ ಹೊರಗೆ ಬೇವಿನ ಮರದಡಿ ಮಕ್ಕಳಿಗೆ ಮಾರ್ಥಾ ಅಕ್ಕೋರ ಕಥೆ. ಸರಕಾರಿ ಶಾಲೆಯಲ್ಲಿ ಕಲಿಸಿ ನಿವೃತ್ತರಾದವರು ಅವರು; ನಮ್ಮ ಕಡೆ ಶಿಕ್ಷಕಿಗೆ ಅಕ್ಕೋರು ಎನ್ನುತ್ತಾರೆ. ಕಥೆ ಮುಗಿದರೆ ಶೇಂಗಾ ಬೆಲ್ಲ ಕೊಡುತ್ತಿದ್ದರು. ನಿಜ ಹೇಳಬೇಕೆಂದರೆ ನಾನು ಕುಂಟಾಟ ಬಿಟ್ಟು ಅಲ್ಲಿ ಕೂಡುತ್ತಿದ್ದದ್ದು ಆ ಬೆಲ್ಲಕ್ಕಾಗಿ.

ಆ ಬೇಸಿಗೆ ನನ್ನ ಅಕ್ಕ ಶಾಂತಕ್ಕ ಏಳನೆಯ ತರಗತಿಯಲ್ಲಿ ನಾಪಾಸಾದಳು. ಅಪ್ಪ ದ್ರಾಕ್ಷಿ ಚಾಟ್ನಿಯಲ್ಲಿ, ಅಂದರೆ ಬಳ್ಳಿ ಸವರುವುದರಲ್ಲಿ, ಪಳಗಿದವನು. ಯಾವ ಕಡ್ಡಿ ಉಳಿಸಬೇಕು, ಯಾವುದನ್ನು ಕತ್ತರಿಸಿ ಒಗೆಯಬೇಕು ಎಂದು ದೊಡ್ಡ ದೊಡ್ಡ ಮಾಲಕರು ಅವನನ್ನೇ ಕೇಳುತ್ತಿದ್ದರು. ಅಕ್ಕನ ವಿಷಯದಲ್ಲಿಯೂ ಅವನು ಬಹಳ ಯೋಚಿಸಲಿಲ್ಲ.

"ಸಾಕು ಸಾಲಿ. ಸೋಮವಾರದಿಂದ ನಿಮ್ಮವ್ವನ ಕೂಡ ತ್ವಾಟಕ್ಕ ನಡಿ."

ಅಕ್ಕ ಪಾಟಿಚೀಲವನ್ನು ಗೂಟಕ್ಕೆ ನೇತುಹಾಕಿ ಹಿತ್ತಲಿಗೆ ಹೋಗಿ ಅತ್ತಳು.

ಅದೇ ರವಿವಾರ ಅಕ್ಕೋರು ಬೈಬಲಿನ ಅಂಜೂರದ ಗಿಡದ ಕಥೆ ಹೇಳಿದರು. ಒಬ್ಬನು ತನ್ನ ದ್ರಾಕ್ಷಿ ತೋಟದಲ್ಲಿ ಅಂಜೂರ ನೆಟ್ಟಿದ್ದ. ಮೂರು ವರ್ಷ ಬಂದು ನೋಡಿದರೂ ಹಣ್ಣಿಲ್ಲ. ಕಡಿದುಹಾಕು ಎಂದ. ತೋಟದಾಳು, ಒಡೆಯಾ, ಈ ಒಂದು ವರ್ಷ ಬಿಡು, ಬುಡ ಅಗೆದು ಗೊಬ್ಬರ ಹಾಕುತ್ತೇನೆ, ಆಮೇಲೂ ಹಣ್ಣು ಬಿಡದಿದ್ದರೆ ಕಡಿಸು ಎಂದ. ಕಥೆ ಅಲ್ಲಿಗೇ ಮುಗಿಯಿತು.

"ಮುಂದಿನ ವರ್ಷ ಹಣ್ಣ ಬಿಡ್ತೇನ್ರಿ ಅಕ್ಕೋರ?" ನಾನು ಕೇಳಿದೆ.

"ಅದನ್ನ ಬರದಿಲ್ಲವ್ವಾ."

"ಯಾಕ್ರಿ?"

"ನೀ ಮನಿಗೆ ಹೋಗಿ ವಿಚಾರ ಮಾಡ್ಲಿ ಅಂತ."

ನನಗೆ ಸಿಟ್ಟು ಬಂತು. ಕೊನೆಯೇ ಇಲ್ಲದ್ದು ಎಂಥ ಕಥೆ? ಆದರೆ ಅಕ್ಕ ಬೆಲ್ಲವನ್ನೂ ತೆಗೆದುಕೊಳ್ಳದೆ ಎದ್ದು ಮನೆಗೆ ನಡೆದಳು.

ಸಂಜೆ ಅಪ್ಪ ಊಟಕ್ಕೆ ಕೂತಾಗ ಅವಳು ಆ ಕಥೆಯನ್ನು ತಲೆ ತಗ್ಗಿಸಿಕೊಂಡೇ ಪೂರಾ ಒಪ್ಪಿಸಿದಳು. ಅಪ್ಪ ರೊಟ್ಟಿ ಮುರಿಯುವುದನ್ನು ನಿಲ್ಲಿಸಿ ಕೇಳಿದ.

"ದ್ರಾಕ್ಷಿ ತ್ವಾಟದಾಗ ಅಂಜೂರಿ ಯಾಕ ಹಚ್ಚಿದ್ದ ಅಂವಾ? ಬಳ್ಳಿಗೆ ನೆಳ್ಳ ಬೀಳ್ತೈತಿ. ತಿಳುವಳಿಕಿ ಇದ್ದ ಮಾಲಕ ಹಂಗ ಮಾಡಂಗಿಲ್ಲ."

"ಅದ ನನಗ ಗೊತ್ತಿಲ್ಲಪ್ಪಾ. ಒಂದ ವರ್ಷ ಬಿಟ್ಟಾ, ಅಷ್ಟ ಗೊತ್ತು."

"ಬಿಟ್ಟಾನು. ಅಲ್ಲಿ ಬುಡಾ ಅಗ್ಯಾವ ಒಬ್ಬ ಇದ್ದ. ಇಲ್ಲಿ ಯಾರ ಅದಾರ?"

ಅವ್ವ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ತಿರುಗಿಯೂ ನೋಡಲಿಲ್ಲ.

"ನಾ ಅದೀನಲ್ಲ," ಅಂದಳು.

ಆ ಮಾತಿನ ಅರ್ಥ ನಮಗೆ ತಿಳಿದದ್ದು ಮುಂದಿನ ಶನಿವಾರ. ಮುಕಾದಮ ಎಂದಿನಂತೆ ಬಾಗಿಲಿಗೆ ಬಂದಾಗ ಅವ್ವ, "ನಾಳೆ ನಾ ಬರ್ತೀನ್ರಿ" ಎಂದಳು. ಅವನು ಅಪ್ಪನ ಮುಖ ನೋಡಿದ. ಅಪ್ಪ ನೆಲ ನೋಡಿದ. ಅಕ್ಕ ದುಡಿಯಬೇಕಿದ್ದ ಜಾಗಕ್ಕೆ ಅವ್ವ ತನ್ನ ರವಿವಾರವನ್ನೇ ಕೊಟ್ಟಿದ್ದಳು. ಶಾಲೆ ತೆರೆದಾಗ ಅಕ್ಕ ಮತ್ತೆ ಏಳನೆಯದಕ್ಕೇ ಕೂತಳು.

ಚರ್ಚಿನಲ್ಲಿ ಕಿಟಕಿಯ ಪಕ್ಕದ ಜಾಗ ಖಾಲಿಯಾಯಿತು. ನಮ್ಮ ಮಂದಿಯಲ್ಲಿ ಹಾಗೆ ಯಾರೂ ಮಾಡಿದ್ದಿಲ್ಲ. ಹೆಂಗಸರು ಗುಸುಗುಸು ಮಾತಾಡಿದರು, ನಮ್ಮನ್ನು ಕಂಡು ಸುಮ್ಮನಾದರು. ಕೊನೆಗೆ ಒಂದು ಸಂಜೆ ಅಕ್ಕೋರು ಮನೆಗೇ ಬಂದರು. ಅವ್ವ ಆಗಷ್ಟೇ ತೋಟದಿಂದ ಬಂದು ಹೊಸ್ತಿಲಲ್ಲಿ ಕೂತಿದ್ದಳು.

"ಇದೇನ ಮಾಡಾಕತ್ತೀಯವ್ವಾ? ರವಿವಾರ ದೇವರ ದಿವಸ ಅಲ್ಲೇನ?"

"ಕಥಿ ಹೇಳಿದಾವ್ರು ನೀವ ಅದೀರಿ ಅಕ್ಕೋರ. ಆ ಆಳ ಬುಡಾ ಅಗದದ್ದು ರವಿವಾರ ಬಿಟ್ಟೇನ್ರಿ?"

ಅಕ್ಕೋರು ಒಳಗೆ ಬಂದು ಚಾಪೆಯ ಮೇಲೆ ಕೂತು, "ಶಾಂತಾ, ಗಣಿತದ ಪುಸ್ತಕ ತಗೊಂಬಾ" ಎಂದರು. ಅಲ್ಲಿಂದ ಪ್ರತಿ ರವಿವಾರ ಸಂಜೆ ಅವರು ನಮ್ಮ ಮನೆಗೆ ಬಂದು ಅಕ್ಕನಿಗೆ ಕಲಿಸಿದರು.

ಆ ವರ್ಷ ಉದ್ದವಾಗಿತ್ತು. ಅಕ್ಟೋಬರ್ ಚಾಟ್ನಿ ಆಯಿತು, ಕಾಯಿ ಕಟ್ಟಿತು, ಎಳೆಯ ಗೊನೆಗಳನ್ನು ಒಂದೊಂದಾಗಿ ಔಷಧದ ಡಬ್ಬಿಯಲ್ಲಿ ಅದ್ದುವ ಕೆಲಸ ಬಂತು. ಅದಕ್ಕೆ ದಿನವಿಡೀ ಕೈ ಮೇಲೆಯೇ ಇರಬೇಕು. ಬರಬರುತ್ತ ಅವ್ವನಿಗೆ ತೋಳು ಎತ್ತುವುದೇ ಕಷ್ಟವಾಯಿತು. ತನ್ನ ತಲೆ ತಾನು ಬಾಚಿಕೊಳ್ಳಲು ಆಗುತ್ತಿರಲಿಲ್ಲ. ನಸುಕಿನಲ್ಲಿ ನಾನು ಬಾಚುತ್ತಿದ್ದೆ. ಸೀಗೆಕಾಯಿಯ ವಾಸನೆ ಹೋಗಿ ಅವಳ ಕೂದಲಲ್ಲಿ ಔಷಧದ ಘಾಟು ಕೂತಿತ್ತು.

"ನೋಯ್ತೈತೇನ ಬೇ?"

"ಸುಮ್ನ ಬಾಚ. ಹೊತ್ತಾತು."

ಅಕ್ಕ ಪಾಸಾದಳು. ಅಪ್ಪ ಅಥಣಿಯಿಂದ ಪೇಢೆ ತಂದ. ಮೊದಲನೆಯದನ್ನು ಅಕ್ಕನಿಗೆ ಕೊಡಲಿಲ್ಲ, ಅವ್ವನ ಬಾಯಿಗೆ ತಾನೇ ಇಟ್ಟ. ಅವನು ಹಾಗೆ ಮಾಡಿದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಅವ್ವ ಮತ್ತೆ ಚರ್ಚಿಗೆ ಬಂದಳು, ಅದೇ ಕಿಟಕಿಯ ಪಕ್ಕ ಕೂತಳು. ಆದರೆ ಪಾದ್ರಿಗಳು ಬಾಯಿ ತೆರೆಯುವ ಮೊದಲೇ ಅವಳಿಗೆ ನಿದ್ದೆ. ತಲೆ ನನ್ನ ಹೆಗಲಿಗೆ ವಾಲುತ್ತಿತ್ತು. ಹೆಂಗಸರು ನಕ್ಕರೆ ಅಕ್ಕೋರು ಹಿಂದಿನಿಂದ, "ಎಬ್ಬಿಸಬ್ಯಾಡ್ರಿ" ಎನ್ನುತ್ತಿದ್ದರು. ಕಳೆದುಹೋದ ಆ ರವಿವಾರಗಳನ್ನು ಅವಳು ಕೊನೆಯವರೆಗೂ ನಿದ್ದೆ ಮಾಡಿಯೇ ತೀರಿಸಿಕೊಂಡಳು.

ಈಗ ಯಾವ ಟೋಳಿಗೂ ರವಿವಾರವಿಲ್ಲ. ನಸುಕಿಗೆ ಗಾಡಿ ಹಾರನ್ ಹಾಕುತ್ತದೆ, ನಮ್ಮ ಮಂದಿಯೂ ಹತ್ತಿ ಹೋಗುತ್ತಾರೆ, ಯಾರೂ ಗುಸುಗುಸು ಅನ್ನುವುದಿಲ್ಲ. ಶಾಂತಕ್ಕ ರಾಯಬಾಗದಲ್ಲಿ ಅಕ್ಕೋರಾಗಿದ್ದಾಳೆ. ಅವ್ವ ಇಲ್ಲ, ಅಪ್ಪ ಇಲ್ಲ, ಮಾರ್ಥಾ ಅಕ್ಕೋರೂ ಇಲ್ಲ. ಬೇವಿನ ಮರದಡಿ ಉಳಿದ ನಾಲ್ಕಾರು ಮಕ್ಕಳಿಗೆ ನಾನೇ ಕಥೆ ಹೇಳುತ್ತೇನೆ. ದಣಿವಾದ ದಿನ ಬೇಗ ಮುಗಿಸುತ್ತೇನೆ.

ಅಂಜೂರದ ಕಥೆ ಬಂದಾಗ ಯಾವುದಾದರೂ ಒಂದು ಮಗು, ಮುಂದಿನ ವರ್ಷ ಹಣ್ಣು ಬಿಟ್ಟಿತೇ ಎಂದು ಕೇಳಿಯೇ ಕೇಳುತ್ತದೆ. ಬಿಟ್ಟಿತು, ನಾನು ಕಂಡಿದ್ದೇನೆ ಎನ್ನುತ್ತೇನೆ. ಆ ವರ್ಷ ತೋಟದಾಳಿನ ತಲೆ ಬಾಚಿದವರು ಯಾರು ಎಂದು ಯಾವ ಮಗುವೂ ಈವರೆಗೆ ಕೇಳಿಲ್ಲ.