ಬ್ರೇಕ್ ಮೇಷ್ಟ್ರ ಬಲಗಾಲು

ಕಾರು ಕಲಿಸುವ ಮೇಷ್ಟ್ರಿಗೆ ಪಕ್ಕದ ಸೀಟೇ ಸಿಂಹಾಸನ. ಅದರ ಮುಂದೆ, ಅವರ ಕಾಲಿಗೆಂದೇ ಇನ್ನೊಂದು ಬ್ರೇಕು. ಕಲಿಯುವವರು ಗಾಡಿಯನ್ನು ಎತ್ತ ನುಗ್ಗಿಸಿದರೂ ಅದನ್ನೊತ್ತಿ ಲೋಕ ಕಾಪಾಡುವುದು ಅವರ ಕೆಲಸ. ವರ್ಷಗಟ್ಟಲೆ ಕಾಪಾಡಿ ಕಾಪಾಡಿ ಅವರ ಬಲಗಾಲಿಗೆ ಪ್ರತ್ಯೇಕ ಬುದ್ಧಿಯೇ ಬಂದುಬಿಟ್ಟಿತ್ತು. ಹೆಂಡತಿ ಲೋಟಕ್ಕೆ ನೀರು ಬಗ್ಗಿಸಿದರೆ ಕಾಲು ನೆಲ ಒತ್ತುತ್ತಿತ್ತು. ಸಿನಿಮಾದಲ್ಲಿ ಕುದುರೆ ಓಡಿದರೆ ಮುಂದಿನ ಸೀಟಿನವರ ಬೆನ್ನಿಗೆ ಒದೆ. ಒಮ್ಮೆ ನಿದ್ದೆಯಲ್ಲಿ ಒತ್ತಿದ ರಭಸಕ್ಕೆ ಮಂಚ ಜರುಗಿ ಅಡುಗೆಮನೆಯಲ್ಲಿ ನಿಂತಿತಂತೆ. ಅಷ್ಟೆಲ್ಲ ನಂಬಬೇಡಿ, ನಡುಮನೆ ದಾಟಿರಲಿಕ್ಕಿಲ್ಲ.

ಹೆಂಡತಿಯ ಅಣ್ಣ ಕೆಲಸದಿಂದ ನಿವೃತ್ತರಾದವರು, ಕೈಗೆ ಬೇರೇನೂ ಸಿಗದೆ ವೇದಾಂತ ಹಿಡಿದಿದ್ದರು. "ಎಲ್ಲಾ ನಾನೇ ತಡೀಬೇಕು ಅಂತೀರಲ್ಲ, ಅದೇ ನಿಮ್ಮ ರೋಗ," ಎಂದರು. "ಗಾಡಿ ಹೋಗುತ್ತೆ, ರಸ್ತೆ ಬರುತ್ತೆ. ನೀವು ಬರೀ ಸಾಕ್ಷಿಯಾಗಿ ಕೂತ್ಕೊಳ್ಳಿ."

ಮರುದಿನ ಮೇಷ್ಟ್ರು ಸಾಕ್ಷಿಯಾಗಿ ಕೂತರು. ಕಲಿಯಲು ಬಂದಿದ್ದ ಹಲ್ಲಿನ ಡಾಕ್ಟರಮ್ಮ ಕಾರನ್ನು ಸೀದಾ ಮರಳಿನ ಗುಡ್ಡೆಗೆ ಹತ್ತಿಸಿದರು.

"ಅಯ್ಯೋ ಸರ್, ಬ್ರೇಕ್ ಹಾಕ್ಲೇ ಇಲ್ವಲ್ಲ!"

"ಆಗೋದು ಆಗ್ತಾ ಇದೆಯಮ್ಮ," ಎಂದರು ಮೇಷ್ಟ್ರು, ಕಣ್ಣು ಅರೆಮುಚ್ಚಿ.

ಕಾರು ಗುಡ್ಡೆಯಿಂದ ಇಳಿಯಿತು, ಬಂಪರು ಇಳಿಯಲಿಲ್ಲ. ಡ್ರೈವಿಂಗ್ ಸ್ಕೂಲಿನ ಯಜಮಾನಿ ಅದನ್ನು ತಂತಿಯಲ್ಲಿ ಬಿಗಿಸುತ್ತ ಹೇಳಿದರು: "ಇನ್ನೊಂದು ಗೀರು ಬಿತ್ತೋ, ಕೀ ಇಲ್ಲಿಟ್ಟು ಹೊರಡಿ. ಆಮೇಲೆ ಮನೇಲಿ ಎಷ್ಟು ಬೇಕಾದ್ರೂ ಕಣ್ಮುಚ್ಕೊಳ್ಳಿ."

ಕೆಲಸ ಹೋಗುವ ದಿಗಿಲಿಗೆ ಊಟದ ಮೇಜಿನಡಿ ಕಾಲು ಒನಕೆಯಾಯಿತು. ಒಂದೇಟು ಹೆಂಡತಿಯ ಮೊಣಕಾಲಿಗೆ ಬಿತ್ತು. ಆಕೆ ಗಂಡನ ತಲೆ ಹಿಡಿದು ಮೇಜಿನ ಕೆಳಕ್ಕೆ ಬಗ್ಗಿಸಿದಳು.

"ನೋಡ್ರೀ ಸರಿಯಾಗಿ. ಇಲ್ಲಿ ಬ್ರೇಕ್ ಇದೆಯಾ?"

"ಇಲ್ಲ."

"ಮತ್ತೇನಿದೆ?"

"ನಿನ್ನ ಕಾಲು."

"ಇಲ್ದಿರೋ ಕಡೆ ಒತ್ತುತ್ತೀರಿ, ಇರೋ ಕಡೆ ಸುಮ್ನೆ ಕೂರ್ತೀರಿ. ಅಣ್ಣನ ಮಾತು ಕೇಳಿ ಇದ್ದ ತಲೇನೂ ಕೆಡಿಸ್ಕೊಂಡ್ರಿ!"

ಮೇಜಿನ ಕೆಳಗೇ ಮೇಷ್ಟ್ರಿಗೆ ಜ್ಞಾನೋದಯವಾಯಿತು. ಕಾಲಿನ ಕೆಳಗಿರುವುದಷ್ಟೇ ನನ್ನದು. ಸ್ಟೀರಿಂಗು, ರಸ್ತೆ, ಎದುರಿನ ಲಾರಿ, ಯಜಮಾನಿಯ ಸಿಟ್ಟು, ಯಾವುದೂ ನನ್ನದಲ್ಲ. ಆ ಖುಷಿಗೆ ಎದ್ದಾಗ ಮೇಜು ನೆತ್ತಿಗೆ ಬಡಿಯಿತು. ಅದೂ ತನ್ನದಲ್ಲವೆಂದು ಬಿಟ್ಟುಬಿಟ್ಟರು.

ಬೆಳಿಗ್ಗೆ ಭಾವನೇ ಹಾಜರು. "ನಾನೂ ಕಲೀತೀನಿ. ಮನಸ್ಸು ನೆಟ್ಟಗಿರೋರಿಗೆ ಕಾರೇನು ಮಹಾ!"

ಕಾರು ಕಪ್ಪೆಯಂತೆ ಕುಪ್ಪಳಿಸಿ ದೊಡ್ಡ ರಸ್ತೆಗೆ ಬಿತ್ತು. ತಿರುವಿನಲ್ಲಿ ಇಬ್ಬರು ಆಳೆತ್ತರದ ಕನ್ನಡಿಯೊಂದನ್ನು ಹೊತ್ತು ರಸ್ತೆ ದಾಟುತ್ತಿದ್ದರು.

"ಅಯ್ಯಯ್ಯೋ! ಯಾವನೋ ನೇರ ನಮ್ಮ ಮೇಲೇ ಬರ್ತಾ ಇದ್ದಾನೆ!" ಎಂದು ಭಾವ ಚೀರಿದರು. "ಮುಖ ನೋಡಿ ಅವನದು! ಓಡಿಸೋಕೇ ಬರಲ್ಲ ಅವನಿಗೆ!"

ಹಾಗೆಂದವರೇ ಸ್ಟೀರಿಂಗು ಬಿಟ್ಟು ಎರಡೂ ಕೈಯಲ್ಲಿ ಕಣ್ಣು ಮುಚ್ಚಿಕೊಂಡರು. ಮೇಷ್ಟ್ರು ಅವರ ಕೂಗನ್ನು ಅವರಿಗೇ ಬಿಟ್ಟು, ತಮ್ಮ ಕಾಲಿನ ಕೆಳಗಿದ್ದುದನ್ನು ಹದವಾಗಿ ಒತ್ತಿದರು. ಕಾರು ಕನ್ನಡಿಗೆ ಗೇಣುದೂರದಲ್ಲಿ ನಿಂತಿತು.

ಮೇಷ್ಟ್ರು ಕಿಟಕಿಯಿಂದ ಕತ್ತು ಚಾಚಿ, ಆ ಕನ್ನಡಿಯಲ್ಲೇ ಬಂಪರು ನೋಡಿಕೊಂಡರು. ಹೊಸದಾಗಿ ಒಂದು ಗೀರೂ ಇಲ್ಲ.

"ಹೋದ್ನಾ ಅವನು?" ಎಂದರು ಭಾವ, ಬೆರಳಸಂದಿಯಿಂದ.

"ಇಲ್ಲೇ ಇದ್ದಾನೆ ಭಾವ, ಪಾಪ, ಹೆದರ್ಕೊಂಡಿದ್ದಾನೆ. ಮೊದಲು ಗೇರ್ ತೆಗೀರಿ."