ಟೈಲರಮ್ಮನ ಎಂಟನೇ ತರಗತಿ

ಟೈಲರಮ್ಮ ಶಾಲೆ ಬಿಟ್ಟಿದ್ದು ಏಳನೇ ತರಗತಿ ಪಾಸಾದ ಬೇಸಿಗೆಯಲ್ಲಿ. ಅವಳ ತಾಯಿ ಹಾಸಿಗೆ ಹಿಡಿದಿದ್ದರು. ಹೊಲಿಗೆ ಮೆಷಿನ್ನು ತುಳಿಯಲು ಮನೆಯಲ್ಲಿ ಬೇರೆ ಕಾಲಿರಲಿಲ್ಲ. ಅದಕ್ಕೇ ಎಷ್ಟೋ ವರ್ಷಗಳ ಮೇಲೆ ತನ್ನ ಮಗಳು ಎಂಟನೇ ತರಗತಿಗೆಂದು ಹೈಸ್ಕೂಲಿಗೆ ಸೇರಿದ ವಾರ, ಗಿರಾಕಿಯೊಬ್ಬರ ಮನೆಯಿಂದ ಎಂಟನೇ ತರಗತಿಯ ಹಳೇ ಗಣಿತ ಪುಸ್ತಕ ಕೇಳಿ ತಂದಳು. ಮಗಳಿಗೆ ಹೇಳಿಕೊಡೋಕೆ ಎಂದಳು. ಮನಸ್ಸಿನಲ್ಲಿದ್ದ ಆಸೆ ಬೇರೆ: ತಪ್ಪಿಹೋದ ಆ ತರಗತಿಯಲ್ಲಿ ಒಂದು ವರ್ಷ ಮಗಳ ಪಕ್ಕ ಕೂರಬೇಕು.

ಹಗಲಲ್ಲಿ ಒಂದು ರವಿಕೆಗೂ ಇನ್ನೊಂದು ರವಿಕೆಗೂ ನಡುವೆ ಓದುವಳು. ಕಟಿಂಗ್ ಮೇಜಿನ ಮೇಲೆಲ್ಲ ಸೀಮೆಸುಣ್ಣದ ಲೆಕ್ಕ. ಮಗಳು ಬಂದ ಮೇಲೆ ಇಬ್ಬರೂ ಒಂದೇ ಬೆಂಚು.

"ಈ ಎಕ್ಸ್ ಅಂದ್ರೆ ಯಾರಮ್ಮ?"

"ಅಳತೆ ಕೊಡದೆ ಓಡಿಹೋಗಿರೋ ಗಿರಾಕಿ ಕಣೆ. ಮಿಕ್ಕಿದ್ದನ್ನೆಲ್ಲ ಸರಿಸು, ತಾನಾಗೇ ಸಿಕ್ಕಿಬೀಳ್ತಾಳೆ."

ಮಗಳು ಬಿದ್ದು ಬಿದ್ದು ನಕ್ಕಿದ್ದಳು. ಬೀಜಗಣಿತದ ಮೊದಲ ಪಾಠಗಳು ಹಾಗೇ ಸಲೀಸಾಗಿ ಕಳೆದವು. ಎಡವಟ್ಟಾಗಿದ್ದು ವಿಸ್ತೀರ್ಣದ ಪಾಠದಲ್ಲಿ. ತೊಂಬತ್ತು ಸೆಂಟಿಮೀಟರ್ ಉದ್ದ, ಅರವತ್ತು ಅಗಲದ ಮೇಜಿಗೆ ಸರಿಯಾಗಿ ಹೊದಿಸಲು ಎಷ್ಟು ಬಟ್ಟೆ ಬೇಕು?

"ಸುತ್ತ ಅಂಚಿನ ಮಡಿಕೆಗೆ ಎರಡೆರಡು ಸೆಂಟಿಮೀಟರ್ ಬಿಡು," ಎಂದಳು ತಾಯಿ. "ಮಡಿಕೆ ಬಿಡದೆ ಯಾವ ಮೂರ್ಖ ಬಟ್ಟೆ ಕತ್ತರಿಸ್ತಾನೆ?"

ಪರೀಕ್ಷೆಯಲ್ಲಿ ಮಗಳು ಬಟ್ಟೆಗಷ್ಟೇ ಅಲ್ಲ, ಗೋಡೆಗೂ, ನೆಲಕ್ಕೂ, ಆಟದ ಬಯಲಿಗೂ ಮಡಿಕೆ ಬಿಟ್ಟು ಬಂದಳು. ಅದೇ ಮೇಜಿನ ಲೆಕ್ಕಕ್ಕೆ ಐದು ಸಾವಿರದ ನಾನೂರು ಬರಬೇಕಾದ ಕಡೆ ಆರು ಸಾವಿರದ ಹದಿನಾರು. ಆ ಪಾಠದ ಒಂದು ಉತ್ತರವೂ ಸರಿಯಿರಲಿಲ್ಲ. ತರಗತಿಯಲ್ಲಿ ಅವಳಿಗೆ 'ಮಡಿಕೆ' ಎಂದೇ ಹೆಸರು ಬಿತ್ತು.

ಗಣಿತದ ಮೇಷ್ಟ್ರು ತಾಯಿಯನ್ನು ಕರೆಸಿದರು. ಒಳ್ಳೆಯ ಮನುಷ್ಯ, ಗದರಲಿಲ್ಲ.

"ನೀವು ಹೇಳಿದ್ದು ಬಟ್ಟೆಗೆ ಸರಿನೇ, ಅಮ್ಮ. ಆದರೆ ಲೆಕ್ಕದಲ್ಲಿ ಕೇಳಿದಷ್ಟೇ ಹೇಳಬೇಕು. ಹುಡುಗಿ ಚುರುಕಿದ್ದಾಳೆ. ಸಂಜೆ ನಾನೇ ಕೂರಿಸ್ಕೊಂಡು ಹೇಳ್ತೀನಿ. ಮನೇಲಿ ನೀವು... ಸ್ವಲ್ಪ ದಿನ ಹೇಳಿಕೊಡಬೇಡಿ."

"ಆಗಲಿ ಸಾರ್, ಅವಳಿಗೆ ಒಳ್ಳೇದಾದ್ರೆ ಸಾಕು," ಎಂದಳು ಟೈಲರಮ್ಮ. ಮಗಳು ಕಿಟಕಿಯ ಕಡೆ ಮುಖ ತಿರುಗಿಸಿ ನಿಂತಿದ್ದಳು.

ಆಮೇಲೆ ಮಗಳು ಶಾಲೆಯಲ್ಲೇ ಲೆಕ್ಕ ಮುಗಿಸಿ ಬರತೊಡಗಿದಳು. ಅಂಕಗಳೂ ಏರಿದವು, ತಾಯಿಗೆ ಖುಷಿಯೇ. ಆದರೂ ಹಗಲು ಪುಸ್ತಕ ತೆರೆಯುವುದನ್ನು ಅವಳು ಬಿಡಲಿಲ್ಲ. ಅಪವರ್ತನದ ಪಾಠಕ್ಕೆ ಬಂದಾಗ ಮೂರು ದಿನ ಒಂದೇ ಲೆಕ್ಕದಲ್ಲಿ ಸಿಕ್ಕಿಹಾಕಿಕೊಂಡಳು. ನಾಲ್ಕನೇ ದಿನ ಕೈಗೆ ಹತ್ತಿದ ಸೀಮೆಸುಣ್ಣ ಸೆರಗಿಗೆ ಒರೆಸಿಕೊಂಡು, ಶಾಲೆಯಿಂದ ಬಂದ ಮಗಳ ಮುಂದೆ ಪುಸ್ತಕ ಹಿಡಿದಳು.

"ಇದೊಂದು ಹೇಗೆ ಅಂತ ಹೇಳ್ತೀಯಾ?"

ಮಗಳು ಚೀಲ ಇಳಿಸುತ್ತಾ ನೋಡಿದಳು. ದನಿಯಲ್ಲಿ ಸಿಟ್ಟಿರಲಿಲ್ಲ, ಸುಸ್ತಿತ್ತು. "ಅದೆಲ್ಲ ನಿಂಗ್ಯಾಕಮ್ಮ ಈಗ? ನಾನು ಕಲ್ತಾಯ್ತಲ್ಲ."

ನಾನೂ ಈ ವರ್ಷ ಎಂಟನೇ ಕ್ಲಾಸು ಕಣೆ, ಎನ್ನಬೇಕೆನಿಸಿತು. ತಾಯಿ ಪುಸ್ತಕ ಮುಚ್ಚಿದಳು.

"ಏನಿಲ್ಲ, ಸುಮ್ನೆ ಕೇಳ್ದೆ. ಕೈಕಾಲು ತೊಳ್ಕೊ ಹೋಗು, ತಿನ್ನೋಕೆ ಕೊಡ್ತೀನಿ."

ಮರುದಿನ ಪುಸ್ತಕವನ್ನು ಹಳೇ ಸೀರೆ ಚೂರಿನಲ್ಲಿ ಸುತ್ತಿ, ಅದನ್ನು ಕೊಟ್ಟಿದ್ದ ಗಿರಾಕಿಯ ಮನೆಗೆ ಹಿಂದಿರುಗಿಸಲು ಹೊರಟಳು. ಅಪವರ್ತನದ ಪುಟದಲ್ಲಿ ಗುರುತಿಗೆಂದು ಇಟ್ಟಿದ್ದ ದಾರವನ್ನು ತನ್ನ ಮನೆ ಬಾಗಿಲಲ್ಲೇ ನಿಂತು ಎಳೆದು ತೆಗೆದಳು.